ಹಳದಿ ಕೊಬ್ಬು

ಮೂಳೆ ಎಲ್ಲಿ ಹೋಯಿತು ಎಂಬುದೇ ಹನುಮಕ್ಕನಿಗೆ ಬಂದ ಮೊದಲ ಅನುಮಾನ.

ಭಾನುವಾರ ಬೆಳಿಗ್ಗೆ ಮಗ ಶಶಿಕುಮಾರ್ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಅವಳು ಅದನ್ನು ಬಿಚ್ಚಿ ನೋಡಿದರೆ ಒಂದು ಮೂಳೆಯಿಲ್ಲ, ಲಿವರ್ ಚೂರಿಲ್ಲ, ಮೆದುಮೂಳೆಯ ತುಂಡೊಂದೂ ಇಲ್ಲ. ಬೆರಳು ದಪ್ಪದ, ಅಂಗೈಯಗಲದ ನಾಲ್ಕು ಚಪ್ಪಟೆ ಮಾಂಸದ ತುಂಡುಗಳು ಮಾತ್ರ ಒಂದರ ಮೇಲೊಂದು ಕೂತಿದ್ದವು. ಅರವತ್ತೆರಡು ವರ್ಷದ ಬಾಳಿನಲ್ಲಿ ಅವಳು ಇಂಥ ಮಾಂಸ ಕಂಡಿರಲಿಲ್ಲ. ಅಂಗಡಿಯವನು ಹುಣಸೆ ಕೊರಡಿನ ಮೇಲಿಟ್ಟು ಕಚಕಚ ಕೊಚ್ಚಿ, ಮೂಳೆ ಮಾಂಸ ಕೊಬ್ಬು ಎಲ್ಲವನ್ನೂ ಬೆರೆಸಿ ಕೊಟ್ಟರೆ ಅದು ಮಟನ್. ಮೂಳೆ ಕಂಡರೆ ಅದು ಯಾವ ಪ್ರಾಣಿ, ಎಷ್ಟು ವಯಸ್ಸು, ಯಾವ ಭಾಗ ಎಂದು ಅವಳು ಹೇಳಬಲ್ಲಳು. ಮೂಳೆಯೇ ಇಲ್ಲದಿದ್ದರೆ ಯಾರನ್ನು ಕೇಳುವುದು?

"ಏನ್ಲಾ ಇದು? ಮೂಳೆ ಎಲ್ಲೋಯ್ತು?"

"ಮೂಳೆ ಬ್ಯಾಡ ಅಂದೆ ಕಣವ್ವಾ. ಇವತ್ತು ಮಾಡೋದು ಸ್ಟೀಕು, ಹಲಗೆ ಥರ ಕೊಯ್ದಿದ್ದು."

"ಮೂಳೆ ಇಲ್ದಿರೋ ಕುರಿ ಯಾವೂರಾಗೈತ್ಲಾ?"

ಶಶಿಕುಮಾರ್ ನಕ್ಕ. ಸೊಸೆ ಮೇಘಶ್ರೀ ನಗಲಿಲ್ಲ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಗಂಡನ ಮುಖವನ್ನೊಮ್ಮೆ ನೋಡಿ, ಮತ್ತೆ ಹೆಚ್ಚತೊಡಗಿದಳು. ಹನುಮಕ್ಕ ಅದನ್ನೂ ಗಮನಿಸಿದಳು.

ಶಶಿಕುಮಾರನಿಗೆ ಹೊಸೂರಿನ ಸಿಪ್ಕಾಟ್‌ನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಗಿಯರ್ ಚಕ್ರಗಳ ಹಲ್ಲನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ತಪಾಸಣೆ ವಿಭಾಗದಲ್ಲಿದ್ದ. ಹೊಸ ಯಂತ್ರ ಕಲಿತು ಬರಲೆಂದು ಕಂಪನಿಯವರು ಆ ವರ್ಷ, ಎರಡು ಸಾವಿರದ ಏಳರಲ್ಲಿ, ಅವನನ್ನು ಮೂರು ತಿಂಗಳು ಜರ್ಮನಿಗೆ ಕಳಿಸಿದ್ದರು. ಹೋಗುವಾಗ ಹನುಮಕ್ಕ ಹುರಿಹಿಟ್ಟು, ಚಟ್ನಿಪುಡಿ, ಒಣಗಿಸಿದ ಹಪ್ಪಳ ಎಲ್ಲ ಕಟ್ಟಿಕೊಟ್ಟಿದ್ದಳು. ಬರುವಾಗ ಅವನು ಒಂದು ಓವನ್ನೂ, ಅಲ್ಲಿ ಯಾವುದೋ ಕ್ಯಾಂಟೀನಿನಲ್ಲಿ ತಿಂದ ಬ್ರೆಡ್ಡಿನ ನೆನಪನ್ನೂ ಹೊತ್ತು ತಂದ. ಉದ್ದನೆಯ ಬ್ರೆಡ್ಡಿನ ಹೊಟ್ಟೆ ಬಗೆದು, ಅದರೊಳಗೆ ಹುರಿದ ಮಾಂಸ, ಈರುಳ್ಳಿ, ದಪ್ಪ ಮೆಣಸಿನಕಾಯಿ ತುಂಬಿ, ಮೇಲೆ ಚೀಸ್ ಸುರಿದು ಬೇಯಿಸುತ್ತಾರಂತೆ. ಅದನ್ನು ಮನೆಯಲ್ಲೇ ಮಾಡುತ್ತೇನೆಂದು ತಿಂಗಳಿಂದ ಹೇಳುತ್ತಲೇ ಇದ್ದ.

ಬೇರೆ ಸಮಯದಲ್ಲಾಗಿದ್ದರೆ ಹನುಮಕ್ಕ ಮೂಳೆಯ ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದಳೇನೋ. ಆದರೆ ಕಾರ್ತೀಕದ ಕಡೇ ಸೋಮವಾರಕ್ಕೆ ಇನ್ನು ಇಪ್ಪತ್ತೆರಡೇ ದಿನ ಉಳಿದಿತ್ತು. ಮಾಗಡಿ ಕಡೆಯ ಅವರ ಊರಿನಲ್ಲಿ ಮನೆದೇವರ ಪೆಟ್ಟಿಗೆ ಏಳು ಮನೆಗಳ ಸರದಿಯಲ್ಲಿರುತ್ತದೆ. ವರ್ಷಕ್ಕೊಂದು ಮನೆ. ಆ ಸೋಮವಾರ ಪೆಟ್ಟಿಗೆ ಹೊಸ ಮನೆಗೆ ಹೋಗುವಾಗ ಆ ಮನೆಯ ಗಂಡಸು ಅದನ್ನು ತಲೆಯ ಮೇಲೆ ಹೊತ್ತು ಬರಿಗಾಲಿನಲ್ಲಿ ನಡೆಯಬೇಕು. ಹೊರುವ ಮೊದಲು ಹಿರಿಯರು ಅವನ ಬೊಗಸೆಗೆ ನೀರು ಹಾಕಿ, "ಬಾಯಿ ಶುದ್ಧವೇನಪ್ಪಾ?" ಎಂದು ಕೇಳುತ್ತಾರೆ. ಕುರಿ ಕೋಳಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ದನದ ಮಾಂಸ ತಿಂದ ಬಾಯಿ ಆ ಪೆಟ್ಟಿಗೆಯ ಕೆಳಗೆ ನಿಲ್ಲುವಂತಿಲ್ಲ ಎಂಬುದು ಆ ಏಳು ಮನೆಗಳ ಕಟ್ಟಳೆ. "ಶುದ್ಧ" ಎಂದು ಹೇಳಿ ನೀರು ಕುಡಿದವನ ತಲೆಗೆ ಪೆಟ್ಟಿಗೆ ಏರುತ್ತದೆ. ಹನುಮಕ್ಕನ ಗಂಡ ಮರಿಸ್ವಾಮಿ ಎರಡು ಸರದಿ ಹೊತ್ತಿದ್ದ. ಅವನು ತೀರಿಕೊಂಡು ನಾಲ್ಕು ವರ್ಷ. ಈ ಸಲ ಮೊದಲ ಬಾರಿಗೆ ಶಶಿಕುಮಾರ್ ಹೊರಬೇಕು. ತಪ್ಪಿದರೆ ಸರದಿ ಮೈದುನ ರಾಮಕೃಷ್ಣಪ್ಪನ ಮನೆಗೆ ಹೋಗುತ್ತದೆ, ಮತ್ತೆ ಕೈಗೆ ಬರಲು ಏಳು ವರ್ಷ ಕಾಯಬೇಕು. ಏಳು ವರ್ಷ ತಾನಿರುತ್ತೇನೆಂದು ಹನುಮಕ್ಕನಿಗೆ ನಂಬಿಕೆಯಿರಲಿಲ್ಲ.

ಅಡುಗೆ ಶುರುವಾಯಿತು. ಶಶಿಕುಮಾರ್ ಮೈದಾಹಿಟ್ಟನ್ನು ತಕ್ಕಡಿಯಲ್ಲಿ ತೂಗಿದ, ನೀರು ಬೆಚ್ಚಗೆ ಮಾಡಿ ಅದರಲ್ಲಿ ಥರ್ಮಾಮೀಟರ್ ಅದ್ದಿದ.

"ನೀರಿಗೂ ಜ್ವರ ಬಂದೈತಾ?" ಎಂದಳು ಹನುಮಕ್ಕ.

"ಐವತ್ತು ಡಿಗ್ರಿ ದಾಟಿದ್ರೆ ಈಸ್ಟು ಸತ್ತೋಗ್ತದವ್ವಾ. ಅದಕ್ಕೂ ಜೀವ ಐತೆ."

ಬೇಕರಿಯಿಂದ ತಂದ ಈಸ್ಟನ್ನು ಸಕ್ಕರೆ ನೀರಿಗೆ ಹಾಕಿದ ಹತ್ತು ನಿಮಿಷದಲ್ಲಿ ನೊರೆ ಎದ್ದಿತು. ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟ. ಒಂದೂವರೆ ಗಂಟೆಯಲ್ಲಿ ಅದು ಎರಡರಷ್ಟು ಉಬ್ಬಿತು. ದೋಸೆಹಿಟ್ಟು ಉಕ್ಕಿ ಬರುವುದನ್ನು ದಿನಾ ನೋಡುವ ಹನುಮಕ್ಕನಿಗೆ ಅಲ್ಲಿಯವರೆಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗದ್ದು ಮುಂದಿನದು. ಅವಳು ಮಾಂಸ ತೊಳೆಯಲು ಅರಿಸಿನ, ಉಪ್ಪು ತೆಗೆದುಕೊಂಡು ಬಂದರೆ ಮಗ ಪಾತ್ರೆಗೆ ಕೈ ಅಡ್ಡ ಹಿಡಿದ.

"ತೊಳೀಬ್ಯಾಡವ್ವಾ. ನೀರು ಸೋಕಿದ್ರೆ ಕಾವಲಿ ಮ್ಯಾಲೆ ಬೇಯ್ತದೆ ಹೊರ್ತು ಕೆಂಪಾಗಾಕಿಲ್ಲ."

"ತೊಳೀದೆ ತಿಂತೀಯಾ? ನಾಯಿ ತಿಂದಂಗೆ?"

"ಒರೆಸ್ತೀನಿ, ನೋಡು." ಅವನು ಒಂದೊಂದು ತುಂಡನ್ನೂ ಕಾಗದದಲ್ಲಿ ಒತ್ತಿ ಒಣಗಿಸಿದ. ಅಂಚಿನ ಕೊಬ್ಬನ್ನು ಚಾಕುವಿನಿಂದ ಸವರಿ ಒಂದು ಡಬ್ಬಿಗೆ ಹಾಕಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟ. ಇಷ್ಟೆಲ್ಲ ಆಗುವಾಗ ಹನುಮಕ್ಕನ ಕೈಗೆ ಮಾಂಸ ಒಮ್ಮೆಯೂ ಸಿಗಲಿಲ್ಲ. ಕೈಗೆ ಕೊಡದಿರಲು ಇದೊಂದು ಉಪಾಯವೇ ಎಂದು ಅವಳು ಯೋಚಿಸಿದಳು.

ಕಬ್ಬಿಣದ ಕಾವಲಿ ಹೊಗೆಯಾಡುವಷ್ಟು ಕಾದಾಗ ಅವನು ಮಾಂಸದ ತುಂಡುಗಳನ್ನು ಹಾಕಿದ. ಚುರ್ರೆಂದು ಸದ್ದಾಯಿತು. ಒಂದು ಬದಿ ಎರಡು ನಿಮಿಷ, ಇನ್ನೊಂದು ಬದಿ ಎರಡು ನಿಮಿಷ, ಗಡಿಯಾರ ನೋಡಿಕೊಂಡು. ಆಮೇಲೆ ತಟ್ಟೆಯಲ್ಲಿಟ್ಟು, ಬಿಸಿ ಆರುವ ತನಕ ಯಾರೂ ಮುಟ್ಟಬಾರದೆಂದ. ಆರಿದ ಮೇಲೆ ಎಳೆಗಳಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದ. ಅಷ್ಟರಲ್ಲಿ ಬ್ರೆಡ್ಡು ಬೆಂದು ಹೊರಬಂದಿತ್ತು. ಅದರ ಹೊಟ್ಟೆ ಸೀಳಿ, ತಿರುಳು ತೆಗೆದು, ಮಾಂಸ, ಈರುಳ್ಳಿ, ಮೆಣಸಿನಕಾಯಿ ಒತ್ತಿ ತುಂಬಿ, ಹಳದಿ ಚೀಸನ್ನು ತುರಿದು ಗುಡ್ಡೆ ಹಾಕಿ ಮತ್ತೆ ಓವನ್ನಿಗೆ ತಳ್ಳಿದ. ಕಾಲು ಗಂಟೆಯಲ್ಲಿ ಮನೆಯೆಲ್ಲ ಘಮಘಮ ಎಂದಿತು. ಆ ವಾಸನೆಯಲ್ಲಿ ಹನುಮಕ್ಕನಿಗೆ ಪರಿಚಯದ್ದೂ ಇತ್ತು, ಪರಿಚಯವಿಲ್ಲದ್ದೂ ಇತ್ತು.

ತಿಂದಳು. ಸುಳ್ಳೇಕೆ, ಚೆನ್ನಾಗಿಯೇ ಇತ್ತು. ಎರಡನೆಯ ತುಂಡನ್ನೂ ಕೇಳಿ ಹಾಕಿಸಿಕೊಂಡಳು.

"ಹೆಂಗವ್ವಾ?"

"ಉಪ್ಪು ಒಂಚೂರು ಕಮ್ಮಿ," ಎಂದಳು, ಏನಾದರೂ ಹೇಳಲೇಬೇಕಲ್ಲ ಎಂದು.

ಊಟವಾದ ಮೇಲೆ ಪಾತ್ರೆ ತೊಳೆಯಲು ಕೂತವಳು ಓವನ್ನಿನ ತಟ್ಟೆಯನ್ನು ಕೈಗೆತ್ತಿಕೊಂಡಳು. ಬ್ರೆಡ್ಡಿನಿಂದ ಸೋರಿದ ಕೊಬ್ಬು ಅಲ್ಲಿ ಆರಿ ಗಟ್ಟಿಯಾಗಿತ್ತು. ಅದು ಹಳದಿಯಾಗಿತ್ತು.

ಅವಳ ಕೈ ನಿಂತಿತು. ಒಂಬತ್ತು ವರ್ಷದವಳಿದ್ದಾಗ ಮನೆಯ ಮುದಿ ಹಸು ಸತ್ತಿತ್ತು. ಅದನ್ನು ಹಳ್ಳದ ಕಡೆ ಎಳೆದುಕೊಂಡು ಹೋದವರ ಹಿಂದೆ ಯಾರಿಗೂ ಹೇಳದೆ ಹೋಗಿ, ಲಂಟಾನ ಪೊದೆಯ ಮರೆಯಿಂದ ನೋಡಿದ್ದಳು. ಚರ್ಮದ ಕೆಳಗೆ ಅರಿಸಿನ ಕಲಸಿದಂತೆ ಹಳದಿ ಕೊಬ್ಬಿತ್ತು. ಆ ಬಣ್ಣ ಐವತ್ತಮೂರು ವರ್ಷವಾದರೂ ಕಣ್ಣಿನಿಂದ ಹೋಗಿರಲಿಲ್ಲ. ಕುರಿಯ ಕೊಬ್ಬು ಮೇಣದಂತೆ ಬಿಳಿ. ಇದೇನು ಮುಚ್ಚಿಟ್ಟ ವಿದ್ಯೆಯಲ್ಲ. ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ ಎಂದು ತಿಳಿದ ಯಾವ ಹೆಂಗಸಿಗೂ ತಿಳಿಯುವಂಥದ್ದು. ಹಸಿರು ಮೇವಿನಲ್ಲಿರುವ ಹಳದಿ ಬಣ್ಣವನ್ನು ಹಸು ತನ್ನ ಕೊಬ್ಬಿನಲ್ಲಿ ಉಳಿಸಿಕೊಳ್ಳುತ್ತದೆ, ಕುರಿ ಮೇಕೆ ಎಮ್ಮೆಗಳಲ್ಲಿ ಅದು ಉಳಿಯುವುದು ಅಪರೂಪ ಎಂದು ಪುಸ್ತಕಗಳು ಹೇಳುತ್ತವೆ. ಪುಸ್ತಕ ಓದದ ಹನುಮಕ್ಕನಿಗೆ ಅದು ಕಣ್ಣಿನಿಂದಲೇ ಗೊತ್ತಿತ್ತು.

ಆಗಲೇ ನಡುಮನೆಯಿಂದ ಮೇಘಶ್ರೀಯ ತಗ್ಗಿದ ದನಿ ಕೇಳಿಸಿತು. "ಈಗ ಅತ್ತೆಗೆ ಹೇಳ್ಬೇಡಿ. ಕಾರ್ತೀಕ ಮುಗೀಲಿ."

ಶಶಿಕುಮಾರ್ ಏನೋ ಗೊಣಗಿದ. ಹನುಮಕ್ಕ ಕೊಳಾಯಿ ತಿರುಗಿಸಿ ನೀರು ಬಿಟ್ಟಳು. ತಟ್ಟೆಯನ್ನು ಮಾತ್ರ ತೊಳೆಯಲಿಲ್ಲ. ಒಂದು ಸೆಣಬಿನ ಚೀಲದಲ್ಲಿ ಸುತ್ತಿ ನೀರಿನ ತೊಟ್ಟಿಯ ಹಿಂದೆ ಇಟ್ಟಳು.

ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ತಲೆನೋವು ಎಂದು ಹೇಳಿ ಮಲಗಿದಳು. "ನೀನೇ ಹಚ್ಚು ಮೇಘಾ," ಎಂದವಳು ಮರುಕ್ಷಣವೇ, "ಬ್ಯಾಡ, ಇವತ್ತು ಯಾರೂ ಹಚ್ಚಬ್ಯಾಡಿ," ಎಂದಳು. ಸೊಸೆ ಹುಬ್ಬು ಗಂಟಿಕ್ಕಿ ನಿಂತದ್ದನ್ನು ಅರೆಗಣ್ಣಿನಿಂದ ನೋಡಿದಳು. ಹೆತ್ತ ತಾಯಿಗೆ ಮೋಸ ಮಾಡಿ ತಿನ್ನಿಸುವಷ್ಟು ಕೆಟ್ಟವನೇ ನನ್ನ ಮಗ? ಅಲ್ಲ. ಆದರೆ ಹಳದಿ ಕೊಬ್ಬು ಸುಳ್ಳು ಹೇಳುತ್ತದೆಯೇ?

ಮಾರನೆಯ ಬೆಳಿಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಹನುಮಕ್ಕ ಕೆಲಮಂಗಲ ರಸ್ತೆಯ ಅಪ್ಪಣ್ಣನ ಅಂಗಡಿಗೆ ಹೋದಳು. ಅವರ ಮನೆಗೆ ವರ್ಷಗಳಿಂದ ಮಾಂಸ ಬರುತ್ತಿದ್ದುದು ಅಲ್ಲಿಂದಲೇ. ಸೋಮವಾರ ವ್ಯಾಪಾರವಿಲ್ಲ, ಅಪ್ಪಣ್ಣ ಕೊರಡಿಗೆ ಉಪ್ಪು ತಿಕ್ಕುತ್ತಿದ್ದ.

"ವಾಂಗಕ್ಕಾ, ಬನ್ನಿ. ಇವತ್ತು ಕೋಳಿ ಬಿಟ್ರೆ ಏನಿಲ್ಲ."

"ಕೋಳಿಗೆ ಬಂದಿಲ್ಲಪ್ಪಾ. ನಿನ್ನೆ ನನ್ನ ಮಗ ಬಂದಿದ್ನಾ?"

"ಇಲ್ವಲ್ಲಾ. ನಿನ್ನೆ ನಾನು ಅವನ ಮಕಾನೇ ನೋಡ್ನಿಲ್ಲ." ಅಪ್ಪಣ್ಣ ಉಪ್ಪಿನ ಕೈ ಕೊಡವಿದ. "ಹೋದ ತಿಂಗ್ಳು ಬಂದಿದ್ದ. ತೊಡೇನ ಹಲಗೆ ಥರ ಕೊಯ್ದುಕೊಡು ಅಂದ. ನಾನು ನಕ್ಬುಟ್ಟೆ. ಕುರಿಯಾಗೆ ಎಲ್ಲಿಂದ ಹಲಗೆ ತರ್ಲಪ್ಪಾ, ಅದಕ್ಕೆ ದೊಡ್ಡದೇ ಆಗ್ಬೇಕು, ಅಂದೆ. ಸುಮ್ಕೆ ಹೊಂಟೋದ. ಯಾಕಕ್ಕಾ, ಏನಾಯ್ತು?"

"ಏನಿಲ್ಲ ಬುಡು," ಎಂದಳು ಹನುಮಕ್ಕ. ದೊಡ್ಡದು ಎಂದರೆ ದನದ್ದು ಎಂದು ಆ ರಸ್ತೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಒಂದಕ್ಕೊಂದು ಜೋಡಿಸಿದಳು. ಮೂಳೆಯಿಲ್ಲ. ತೊಳೆಯಲು ಬಿಡಲಿಲ್ಲ. ಕೊಬ್ಬು ಹಳದಿ. ಅಂಗಡಿ ಬೇರೆ. ಅತ್ತೆಗೆ ಹೇಳಬೇಡಿ. ಕೋರ್ಟಿನಲ್ಲಿ ಇದಕ್ಕಿಂತ ಕಡಿಮೆ ಸಾಕ್ಷಿಗೆ ಜನ ಜೈಲಿಗೆ ಹೋಗಿದ್ದಾರೆ.

ಸಂಜೆ ಐದೂವರೆಗೆ ಕಂಪನಿ ಬಸ್ಸಿನಿಂದಿಳಿದು ಬಂದ ಮಗ ಶೂ ಬಿಚ್ಚುವ ಮೊದಲೇ ಹನುಮಕ್ಕ ಆ ತಟ್ಟೆಯನ್ನು ಅವನ ಮುಂದೆ ಇಟ್ಟಳು.

"ಇದೇನ್ಲಾ?"

"ಓವನ್ ತಟ್ಟೆ. ತೊಳೆದಿಲ್ವಾ ಇನ್ನೂ?"

"ಇದರಾಗಿರೋ ಕೊಬ್ಬು ಯಾವುದ್ಲಾ? ಕಣ್ಣಿಟ್ಟು ನೋಡಿ ಹೇಳು. ನನ್ನ ಬಾಯಿಗೆ ಏನ್ ಹಾಕ್ದೆ ನೀನು?"

ಅರ್ಥವಾಗಲು ಶಶಿಕುಮಾರನಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಮುಖ ಕೆಂಪಾಯಿತು. "ಅವ್ವಾ! ನಿಂಗೆ ದನದ್ದು ತಿನ್ನಿಸ್ತೀನಾ ನಾನು? ಸೂಳಗಿರಿಯಿಂದ ತಂದಿದ್ದು. ಅಪ್ಪಣ್ಣ ಆಡಿಕೊಂಡ ಅಂತ ಅಲ್ಲಿಗೋದೆ. ಅಲ್ಲೊಬ್ಬ ಮೂಳೆ ಬಿಡಿಸಿ ಕೊಯ್ದುಕೊಟ್ಟ. ಮೇಕೆ ತೊಡೆ!"

"ಮೇಕೆ ಕೊಬ್ಬು ಹಳದಿ ಆಗ್ತದಾ?"

"ಅದು ಚೀಸಿನ ಕೊಬ್ಬು!"

"ಬಾಯಲ್ಲಿ ಹೇಳಿದ್ರೆ ಆಯ್ತಾ?"

ಅಳೆಯುವುದೇ ಕಸುಬಾದವನಿಗೆ ಆ ಮಾತು ತಟ್ಟಿತು. ಅವನು ಶೂ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದ. ಫ್ರಿಜ್ಜಿನಿಂದ ಡಬ್ಬಿ ತೆಗೆದು, ನಿನ್ನೆ ಸವರಿಟ್ಟಿದ್ದ ಕೊಬ್ಬನ್ನು ಒಂದು ಸ್ಟೀಲ್ ತಟ್ಟೆಗೂ, ಉಳಿದಿದ್ದ ಚೀಸನ್ನು ಇನ್ನೊಂದಕ್ಕೂ ಹಾಕಿ, ಎರಡನ್ನೂ ಓವನ್ನಿನಲ್ಲಿಟ್ಟ. ಮೂವರೂ ಅದರ ಗಾಜಿನ ಬಾಗಿಲ ಮುಂದೆ ನಿಂತರು. ಚೀಸು ಕರಗಿ ಗುಳ್ಳೆಯೆದ್ದು, ಅಂಚಿನಲ್ಲಿ ಹಳದಿ ಎಣ್ಣೆ ಬಿಟ್ಟಿತು. ಇನ್ನೊಂದು ತಟ್ಟೆಯಲ್ಲಿ ನೀರಿನಂತೆ ತಿಳಿಯಾದ ಕೊಬ್ಬು ಇಳಿಯಿತು. ಹೊರಗೆ ತೆಗೆದು ನೆಲದ ಮೇಲಿಟ್ಟ ಮೇಲೆ ಹನುಮಕ್ಕ ಕಾಲು ಮಡಚಿ ಪಕ್ಕದಲ್ಲೇ ಕೂತಳು. ಆರುತ್ತ ಆರುತ್ತ ಒಂದು ಹಳದಿಯಾಗಿಯೇ ಉಳಿಯಿತು, ಇನ್ನೊಂದು ಬೆಳ್ಳಗೆ ಮೇಣವಾಯಿತು. ಅವಳು ಬೆರಳಲ್ಲಿ ಕೆರೆದು, ಮೂಸಿ, ನಾಲಿಗೆಗೆ ಹಚ್ಚಿಕೊಂಡಳು. ಅಂಗುಳಕ್ಕೆ ಅಂಟುವ ಗಟ್ಟಿ ಕೊಬ್ಬು. ಮೇಕೆಯದೇ. ಅನುಮಾನವಿಲ್ಲ.

"ಅಯ್ಯೋ ನನ್ನ ದಡ್ಡ ಮಂಡೆಯೇ!" ಎಂದು ತನ್ನ ಹಣೆಯನ್ನೇ ಬಡಿದುಕೊಂಡು ನಕ್ಕಳು. ಮೇಘಶ್ರೀಯೂ ನಕ್ಕಳು.

ಗೆದ್ದ ಹುಮ್ಮಸ್ಸಿನಲ್ಲಿ ಶಶಿಕುಮಾರ್ ಮಾತು ನಿಲ್ಲಿಸಲಿಲ್ಲ. "ನೋಡಿದ್ಯಾ? ಕೊಬ್ಬು ಯಾಕೆ, ತಿಂದಾಗ್ಲೇ ಗೊತ್ತಾಗಬೇಕಿತ್ತು ನಿಂಗೆ. ದನದ್ದಾಗಿದ್ರೆ ಎಳೆ ಇನ್ನೂ ದಪ್ಪ ಇರ್ತದೆ, ನಡುವೆ ಕೆಂಪಗೆ ರಸ ಇರ್ತದೆ, ರುಚೀನೂ ಒಂಥರಾ ಸಿಹಿ..."

ಮೇಘಶ್ರೀಯ ನಗು ನಿಂತಿತು. ಅವಳು ಗಂಡನ ತೋಳು ಹಿಡಿದಳು, ಆದರೆ ಮಾತು ಆಗಲೇ ಹೊರಬಿದ್ದಿತ್ತು.

ಹನುಮಕ್ಕ ನೆಲದ ಮೇಲಿಂದಲೇ ತಲೆಯೆತ್ತಿ ಕೇಳಿದಳು. "ರುಚಿ ಸಿಹಿ ಅಂತ ನಿಂಗೆ ಹೆಂಗ್ಲಾ ಗೊತ್ತು?"

ಶಶಿಕುಮಾರ್ ಗೋಡೆಗೆ ಒರಗಿದ. ಈಗಷ್ಟೇ ಎರಡು ತಟ್ಟೆಯಿಟ್ಟು ನಿಜ ತೋರಿಸಿದವನಿಗೆ ಬೇರೆ ದಾರಿ ಹೊಳೆಯಲಿಲ್ಲ. "ಅಲ್ಲಿ ತಿಂದೆ. ಎರಡು ಸಲ. ಮೊದಲ ಸಲ ಗೊತ್ತಿಲ್ದೆ. ಎರಡನೇ ಸಲ ಗೊತ್ತಿದ್ದೇ ತಿಂದೆ."

ಹನುಮಕ್ಕ ಎರಡೂ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು.

"ಬಂದ ದಿನವೇ ಹೇಳೋಣ ಅಂದ್ಕೊಂಡಿದ್ದೆ," ಎಂದ. "ಇವಳು ಬ್ಯಾಡ ಅಂದ್ಲು."

"ನಾನೇ ಬೇಡ ಅಂದಿದ್ದು ಅತ್ತೆ," ಎಂದಳು ಮೇಘಶ್ರೀ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. "ಯಾರು ನೋಡಿದ್ರು? ಜರ್ಮನಿಯಿಂದ ಮಾಗಡಿಗೆ ಯಾರಾದ್ರೂ ಹೋಗಿ ಹೇಳ್ತಾರಾ? ಒಂದು ಮಾತು ಶುದ್ಧ ಅಂದು, ಒಂದು ಬೊಗಸೆ ನೀರು ಕುಡಿದ್ರೆ ಮುಗೀತು. ನೀವು ಎಷ್ಟು ವರ್ಷದಿಂದ ಕಾಯ್ತಿದ್ದೀರಿ."

ಹನುಮಕ್ಕನಿಗೆ ಆ ಮಾತು ರುಚಿಸಿತು. ಅದು ರುಚಿಸಿದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಮೂವರನ್ನು ಬಿಟ್ಟು ನಾಲ್ಕನೆಯವರಿಗೆ ಗೊತ್ತಿಲ್ಲದ ವಿಷಯ. ಇವನು ಪೆಟ್ಟಿಗೆ ಹೊತ್ತು ಬರುವುದನ್ನು ಊರಿನ ಮನೆ ಬಾಗಿಲಲ್ಲಿ ನಿಂತು ನೋಡಬಹುದು, ಅವನ ಕಾಲಿಗೆ ನೀರು ಹಾಕಬಹುದು, ಅದನ್ನು ನೋಡಿದೆನೆಂದು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು.

ಆಗ, ಕರೆಯದೆ ಬಂದ ಅತಿಥಿಯಂತೆ, ಗಂಡನ ನೆನಪು ಬಂತು. ಮರಿಸ್ವಾಮಿ ಹನ್ನೊಂದು ವರ್ಷ ಲಾರಿ ಓಡಿಸಿದವನು. ತಿಂಗಳಿಗೆರಡು ಸಲ ಕೊಚ್ಚಿ, ಕೋಯಿಕ್ಕೋಡು. ಅಲ್ಲಿಯ ರಸ್ತೆಬದಿಯ ಹೋಟೆಲುಗಳಲ್ಲಿ ಏನು ಬೇಯುತ್ತದೆಂದು ಯಾವ ಲಾರಿಯವನಿಗೆ ಗೊತ್ತಿಲ್ಲ? ಆ ವರ್ಷಗಳಲ್ಲೇ ಅವನು ಎರಡು ಸರದಿ ಪೆಟ್ಟಿಗೆ ಹೊತ್ತಿದ್ದ. ಎರಡು ಸಲವೂ ಗಟ್ಟಿ ದನಿಯಲ್ಲಿ ಶುದ್ಧ ಎಂದಿದ್ದ. ಆ ದನಿ ಸ್ವಲ್ಪ ಹೆಚ್ಚೇ ಗಟ್ಟಿಯಾಗಿರಲಿಲ್ಲವೇ? ಮೂವತ್ತು ವರ್ಷ ಜೊತೆಗೆ ಬಾಳಿದವಳು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಅವನು ಏನು ಹೇಳುತ್ತಿದ್ದ ಎಂಬುದು ಈಗ ಯಾರಿಂದಲೂ ಗೊತ್ತಾಗುವಂತಿರಲಿಲ್ಲ.

"ನೀನು ಏನಂತೀಯಾ?" ಎಂದು ಮಗನನ್ನು ಕೇಳಿದಳು.

"ತಿಂದಿದ್ದು ತಪ್ಪು ಅಂತ ನಂಗೆ ಅನ್ನಿಸಿಲ್ಲ ಅವ್ವಾ. ಹಂಗಂತ ನೀರು ಕೈಯಾಗೆ ಹಿಡ್ಕೊಂಡು ತಿಂದಿಲ್ಲ ಅನ್ನಾಕೂ ಆಗಲ್ಲ. ಅವರು ಕೇಳೋದೇ ಅದೊಂದು. ಅದಕ್ಕೂ ಸುಳ್ಳು ಹೇಳಿ ಹೊತ್ರೆ ಏನು ಹೊತ್ತಂಗಾಯ್ತು?"

ಹನುಮಕ್ಕ ಎದ್ದು, ಮಂಡಿ ನೀವಿಕೊಂಡು, ನಡುಮನೆಯ ಫೋನಿನ ಹತ್ತಿರ ಹೋದಳು. ಮೇಘಶ್ರೀ ಹಿಂದೆಯೇ ಬಂದಳು. "ಅತ್ತೆ, ಡ್ಯೂಟಿ ಅಂತ ಹೇಳಿ ಸಾಕು. ರಜಾ ಸಿಗಲಿಲ್ಲ ಅಂತ."

ಆ ಕಡೆ ಫೋನ್ ಎತ್ತಿದ್ದು ರಾಮಕೃಷ್ಣಪ್ಪನ ಮಗ ತಿಲಕ್. ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಆರು ವರ್ಷ ಅಡುಗೆ ಮಾಡಿ, ಈಗ ಊರಲ್ಲೇ ಇದ್ದ. "ದೊಡ್ಡವ್ವಾ, ಚೆಂದಾಕಿದ್ದೀರಾ? ತಾಳಿ, ಅಪ್ಪಂಗೆ ಕೊಡ್ತೀನಿ," ಎಂದ. ಹಿಂದೆ ಟಿವಿ ಗದ್ದಲ ಮಾಡುತ್ತಿತ್ತು.

"ಏನತ್ತಿಗೆ, ಹೊರಡೋ ದಿನ ಗೊತ್ತಾಯ್ತಾ?" ಎಂದ ರಾಮಕೃಷ್ಣಪ್ಪ. ಶಶಿ ವಿದೇಶದಿಂದ ಬಂದಾಗಿನಿಂದ ಅವನು ವಾರಕ್ಕೊಮ್ಮೆ ಕೇಳುತ್ತಿದ್ದ ಪ್ರಶ್ನೆಯಿದು.

"ಶಶಿ ಹೊರಾಕಿಲ್ಲ ಕಣಪ್ಪಾ."

"ಯಾಕೆ, ರಜಾ ಇಲ್ವಂತಾ?" ಅವನ ದನಿಯಲ್ಲಿ ಮರುಕ ಮೇಲಿತ್ತು, ಆತುರ ಕೆಳಗಿತ್ತು. "ಇಲ್ಲ, ಆ ಫಾರಿನ್ನಾಗೆ ಏನಾದ್ರೂ..."

ಹನುಮಕ್ಕ ಸೊಸೆಯ ಕಡೆ ನೋಡಿದಳು. ಮೇಘಶ್ರೀ ಬೇಡವೆಂದು ತಲೆಯಾಡಿಸುತ್ತಿದ್ದಳು.

"ರಜಾ ಐತೆ. ಅಲ್ಲಿ ದನದ್ದು ತಿಂದವ್ನೆ. ತಿಂದೆ ಅಂತ ಅವನೇ ಹೇಳ್ದ. ಸುಳ್ಳು ಹೇಳಿ ನೀರು ಕುಡಿಯಾಕೆ ಒಪ್ಪಲಿಲ್ಲ."

"ಛೆ ಛೆ," ಎಂದ ರಾಮಕೃಷ್ಣಪ್ಪ. "ಆಗಿದ್ದಾಯ್ತು ಬುಡಿ. ನಮ್ಮ ತಿಲಕ್ ಇದ್ದಾನಲ್ಲಾ, ಅವನು ಹೊರ್ತಾನೆ."

"ಹೊರ್ಲಿ, ಸಂತೋಷ. ಅವನ್ನೂ ಒಂದ್ಸಲ ಕೂರಿಸ್ಕೊಂಡು ಕೇಳು ರಾಮಕೃಷ್ಣಪ್ಪ."

"ಏನ್ ಕೇಳ್ಲಿ?"

"ನಾನು ಕೇಳಿದ್ದೇ. ಈಗ್ಲೇ ಕೇಳು, ನಾನು ಫೋನಾಗೇ ಇರ್ತೀನಿ."

ಟಿವಿಯ ಸದ್ದು ಥಟ್ಟನೆ ನಿಂತಿತು. ಫೋನಿನ ಬಾಯಿಗೆ ಯಾರೋ ಅಂಗೈ ಒತ್ತಿದಂತೆ ಕೆಲ ಹೊತ್ತು ಏನೂ ಕೇಳಿಸಲಿಲ್ಲ. ಮತ್ತೆ ರಾಮಕೃಷ್ಣಪ್ಪನ ದನಿ ಬಂದಾಗ ಅದು ಗಟ್ಟಿಯಾಗಿತ್ತು, ಬೇಕಾದ್ದಕ್ಕಿಂತ ತುಸು ಹೆಚ್ಚೇ ಗಟ್ಟಿಯಾಗಿತ್ತು.

"ತಿಲಕ್ ಮನೇಲಿಲ್ಲ ಅತ್ತಿಗೆ," ಎಂದ.